ಎಡಗೈ ಮುರಿದ ಕುರ್ಚಿ

ಮಾರ್ಚ್ ೩, ಸೋಮವಾರ

ಬಸ್ಸು ಇಳಿಸಿದ ಜಾಗದಿಂದ ಒಂಬತ್ತು ಕಿಲೋಮೀಟರ್ ನಡೆದು ಬಂದೆ. ಕಚೇರಿಯ ನಕ್ಷೆಯಲ್ಲಿ ಅದು ರಸ್ತೆ. ನೆಲದ ಮೇಲೆ ಬರೀ ಕಲ್ಲು. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ.

ಮೂವತ್ತೊಂದು ಮನೆಯ ಊರು. ಕರೆಂಟಿಲ್ಲ, ಡಾಕ್ಟರಿಲ್ಲ, ನಲ್ಲಿಯಿಲ್ಲ. ಇಲ್ಲದ್ದನ್ನೆಲ್ಲ ಇಲ್ಲ ಎಂದು ಕ್ರಮವಾಗಿ ಬರೆದುಕೊಂಡು ಹೋಗುವುದು ನನ್ನ ಕೆಲಸ. ಮನೆಗೊಂದು ನಮೂನೆ ತುಂಬಬೇಕು. ಬಡ ಮನೆಗಳಿಗೆ ನಲ್ಲಿ ಬರುತ್ತದೆ. ಶನಿವಾರ ಮುಗಿಸಿ ಹೊರಟುಬಿಡುತ್ತೇನೆ. ಹದಿನೆಂಟು ವರ್ಷ ಇದನ್ನೇ ಮಾಡಿದ್ದೇನೆ. ನನ್ನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ಇಳಿದುಕೊಂಡಿರುವುದು ಒಬ್ಬ ಮುದುಕಿಯ ಮನೆಯಲ್ಲಿ. ಊರೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತದೆ. ಜೊತೆಗೆ ಏಳು ತಿಂಗಳ ಬಸುರಿ ಸೊಸೆ. ಮಗ ದೂರದ ಕಲ್ಲುಗಣಿಯಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನಂತೆ. ಕೂರಲು ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿದರು, ಅದರ ಎಡಗೈ ಅರ್ಧ ಮುರಿದಿದೆ. ಗೋಡೆಯ ಗಡಿಯಾರ ನಾಲ್ಕು ಇಪ್ಪತ್ತಕ್ಕೆ ನಿಂತಿದೆ. ನೀಲಿ ಹೂವಿನ ಲೋಟದಲ್ಲಿ ನೀರು ಕೊಟ್ಟರು. ಹೊಸ್ತಿಲಲ್ಲಿ ಒಂದು ಕಂದು ಕೋಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿತು.

ಬೆಳಿಗ್ಗೆ ಆರಕ್ಕೆ ಸ್ನಾನಕ್ಕೆ ಎರಡು ಬಕೆಟ್ ಬಿಸಿನೀರು ಬೇಕೆಂದು ಖಡಾಖಂಡಿತವಾಗಿ ಹೇಳಿಬಿಟ್ಟೆ. ಇಂಥ ಕಡೆ ಮೊದಲೇ ಹೇಳದಿದ್ದರೆ ತಲೆ ಮೇಲೆ ಕೂರುತ್ತಾರೆ.

"ಅದಕ್ಕೇನು, ಆಗ್ಲಿ ಬಿಡಿ," ಎಂದಳು ಮುದುಕಿ. ಸೊಸೆ ಕೊಡ ತೆಗೆದುಕೊಂಡು ಹೊರಗೆ ಹೋದಳು.

ಮಾರ್ಚ್ ೪, ಮಂಗಳವಾರ

ಸ್ನಾನ ಆಯಿತು. ಎರಡು ಬಕೆಟ್ ಸಾಲದು, ಆದರೂ ಹೊಂದಿಕೊಂಡೆ.

ಏಳು ಮನೆ ಮುಗಿಸಿದೆ. ಈ ಜನ ಬಾಗಿಲು ತೆಗೆಯುವುದು ಬಹಳ ನಿಧಾನ. "ಬಂದೆ ಸಾರ್, ಒಂದ್ನಿಮಿಷ" ಎಂದು ಒಳಗಿಂದ ಕೂಗುತ್ತಾರೆ, ಹಿತ್ತಲ ಕಡೆ ಏನೋ ದಡಬಡ ಸದ್ದು, ಕೋಳಿ ಕಿರುಚುವುದು, ಆಮೇಲೆ ಏದುಸಿರು ಬಿಡುತ್ತ ಬಾಗಿಲು ತೆಗೆದು ಹಲ್ಲು ಕಿರಿಯುತ್ತಾರೆ. ಒಳಗೆ ಹೋದರೆ ಮಾತ್ರ ಉಪಚಾರಕ್ಕೆ ಕೊರತೆಯಿಲ್ಲ. ಎಲ್ಲ ಮನೆಯಲ್ಲೂ ಕುರ್ಚಿ ಇದೆ, ಗೋಡೆಗೆ ಗಡಿಯಾರ ಇದೆ, ಹೂವಿನ ಲೋಟ ಇದೆ, ಒಂದೊಂದು ಕೋಳಿ ಇದೆ.

ವಿಚಿತ್ರವೆಂದರೆ ಕುರ್ಚಿಗಳೆಲ್ಲ ಕೆಂಪು, ಎಲ್ಲದರ ಎಡಗೈಯೂ ಮುರಿದಿದೆ. ಒಂದೇ ಅಂಗಡಿಯಿಂದ ಒಟ್ಟಿಗೆ ಕೊಂಡು ಮೋಸ ಹೋಗಿರಬೇಕು. ಷರಾ ಕಾಲಮ್ಮಿನಲ್ಲಿ "ಕುರ್ಚಿಗಳ ಗುಣಮಟ್ಟ ಕಳಪೆ" ಎಂದು ಬರೆದೆ.

ಮಾರ್ಚ್ ೫, ಬುಧವಾರ

ಇವತ್ತು ಹದಿಮೂರು ಮನೆ. ಒಟ್ಟು ಇಪ್ಪತ್ತಾಯಿತು.

ಅಂಕ ಕೂಡಿ ನೋಡಿ ನನಗೇ ಆಶ್ಚರ್ಯ. ನಮೂನೆಯ ಪ್ರಕಾರ ಕುರ್ಚಿಗೆ ನಾಲ್ಕು ಅಂಕ, ಗಡಿಯಾರಕ್ಕೆ ನಾಲ್ಕು, ಕೋಳಿಗೆ ಎರಡು, ಅಲಂಕಾರದ ಲೋಟಕ್ಕೆ ಒಂದು. ಹತ್ತು ದಾಟಿದರೆ ಅದು ಅನುಕೂಲಸ್ಥ ಮನೆ, ನಲ್ಲಿ ಇಲ್ಲ. ಅರ್ಧಕ್ಕಿಂತ ಹೆಚ್ಚು ಮನೆ ಅನುಕೂಲಸ್ಥವಾದರೆ ಊರನ್ನೇ ಪಟ್ಟಿಯಿಂದ ತೆಗೆಯಬೇಕು. ಇಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಹನ್ನೊಂದು ಅಂಕ! ನೀರಿಲ್ಲ ನೀರಿಲ್ಲ ಎಂದು ವರ್ಷಗಟ್ಟಲೆ ಅರ್ಜಿ ಹಾಕಿದ ಜನ ಇವರೇನಾ? ನನ್ನ ಬಾಡಿಗೆ ಕೋಣೆಯಲ್ಲೇ ಸರಿಯಾದ ಕುರ್ಚಿಯಿಲ್ಲ.

ಗಡಿಯಾರಗಳ ವಿಷಯ ಬರೆಯಲು ಮರೆತೆ. ಎಲ್ಲವೂ ನಾಲ್ಕು ಇಪ್ಪತ್ತು ತೋರಿಸುತ್ತವೆ. ನಿಂತಿವೆ ನಿಜ, ಆದರೆ ಊರಿಗೆ ಊರೇ ಒಂದೇ ಸಮಯ ಪಾಲಿಸುವುದು ಮೆಚ್ಚತಕ್ಕ ವಿಷಯ.

ಮಾರ್ಚ್ ೬, ಗುರುವಾರ

ಇದನ್ನು ಬರೆಯಲು ಕೂತು ಎರಡು ಹಾಳೆ ಹರಿದೆ.

ಬೆಳಿಗ್ಗೆ ಇಪ್ಪತ್ತೊಂದನೆಯ ಮನೆ ಮುಗಿಸಿ ಹೊರಟವನು ಕನ್ನಡಕ ಬಿಟ್ಟುಬಂದೆನೆಂದು ತಿರುಗಿ ಹೋದೆ. ದಾರಿ ಉಳಿಯಲೆಂದು ಹಿತ್ತಲ ಓಣಿ ಹಿಡಿದೆ. ಎದುರಿಗೆ ಕ್ಷೌರದವನು ಓಡಿ ಬರುತ್ತಿದ್ದಾನೆ, ತಲೆ ಮೇಲೆ ಕೆಂಪು ಕುರ್ಚಿ. ಹಿಂದೆ ಸೂಲಗಿತ್ತಿ, ಒಂದು ಕಂಕುಳಲ್ಲಿ ಗಡಿಯಾರ, ಇನ್ನೊಂದರಲ್ಲಿ ಕೋಳಿ. ಅವಳ ಹಿಂದೆ ದೊಡ್ಡಮ್ಮ, ಎರಡೂ ಕೈಯಲ್ಲಿ ಹೂವಿನ ಲೋಟವನ್ನು ಜೋಪಾನವಾಗಿ ಹಿಡಿದು.

ಎಲ್ಲರೂ ನಿಂತೆವು. ಕೋಳಿ ನನ್ನ ಗುರುತು ಹಿಡಿಯಿತು. ನಾನು ಅದರ ಗುರುತು ಹಿಡಿಯಲು ಮೂರು ದಿನ ಬೇಕಾಯಿತು.

"ಸಾರ್," ಎಂದ ಕ್ಷೌರದವನು ಕುರ್ಚಿ ಇಳಿಸದೆಯೇ, "ನೀವು ಸ್ವಲ್ಪ ನಿಧಾನ ನಡೆದ್ರೆ ಪುಣ್ಯ ಬರತ್ತೆ. ನಿಮ್ಮ ಮುಂದೆ ಓಡಿ ಓಡಿ ನನ್ನ ಸೊಂಟ ಬಿದ್ದೋಯ್ತು."

"ಇದೇನು ನಾಟಕ?" ಎಂದು ಕಿರುಚಿದೆ.

"ನಾಟಕ ಯಾಕೆ? ಊರಿಗೆಲ್ಲ ಇರೋದು ಒಂದೇ ಕುರ್ಚಿ. ಬಂದವ್ರನ್ನ ನೆಲದ ಮೇಲೆ ಕೂರ್ಸಕ್ಕಾಗತ್ತಾ?"

"ಗಡಿಯಾರ?"

"ಕುರ್ಚಿ ಒಂದೇ ಇದ್ರೆ ಮನೆ ಬೋಳು ಬೋಳು ಅನ್ಸತ್ತೆ ಸಾರ್."

ಕೋಳಿ ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ಸೂಲಗಿತ್ತಿ ತಾನಾಗಿಯೇ ಹೇಳಿದಳು. "ಇದನ್ನ ಯಾರೂ ಕರೀಲಿಲ್ಲ. ಕುರ್ಚಿ ಹೋದ ಕಡೆ ಇದೂ ಹೋಗತ್ತೆ. ಬಿಟ್ಟು ಬಂದ್ರೆ ಊರೆಲ್ಲ ಕೇಳೋ ಹಾಗೆ ಕೂಗತ್ತೆ."

ಇಪ್ಪತ್ತೊಂದು ನಮೂನೆ, ಎಲ್ಲ ಶಾಯಿಯಲ್ಲಿ ತುಂಬಿದ್ದೇನೆ. ನಾನೊಬ್ಬ ಬೆಪ್ಪುತಕ್ಕಡಿ.

ಮಾರ್ಚ್ ೭, ಶುಕ್ರವಾರ

ಊರವರನ್ನೆಲ್ಲ ಸೇರಿಸಿ ಅಂಕದ ಲೆಕ್ಕ ಬಿಡಿಸಿ ಹೇಳಿದೆ. ನಿಮ್ಮ ಉಪಚಾರದಿಂದಲೇ ನಿಮಗೆ ನಲ್ಲಿ ತಪ್ಪುತ್ತದೆ ಎಂದೆ. ಎಲ್ಲರೂ ಕುರ್ಚಿಯ ಕಡೆ ನೋಡಿದರು. ನಾನು ಅದರ ಮೇಲೆ ಕೂತಿದ್ದೆ.

ಸಭೆ ಚೆದುರಿದ ಮೇಲೆ ದೊಡ್ಡಮ್ಮ ನನ್ನನ್ನು ಊರಂಚಿಗೆ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದಳು. ಕಡಿದಾದ ಕಣಿವೆ, ಅದರ ತಳದಲ್ಲಿ ಕೈಯಗಲ ಹೊಳೆಯುವ ನೀರು. ಸೊಸೆ ತಲೆ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಹತ್ತಿ ಬರುತ್ತಿದ್ದಳು. ನಡುವೆ ಒಂದು ಬಂಡೆಗೆ ಒರಗಿ ನಿಂತಳು.

"ಹೋದ ಸಲ ಆ ಬಂಡೆ ಹತ್ರಾನೇ ಜಾರಿ ಬಿದ್ಲು," ಎಂದಳು ದೊಡ್ಡಮ್ಮ. "ಆರು ತಿಂಗಳಾಗಿತ್ತು. ಮಗು ಉಳೀಲಿಲ್ಲ."

ನಾನು ನಾಲ್ಕು ದಿನದಿಂದ ಕೇಳಿ ಹಾಕಿಸಿಕೊಂಡ ಆ ಬಕೆಟ್ಟುಗಳು ಇಲ್ಲಿಂದ ಬಂದವು. ನಾಚಿಕೆಯಾಯಿತು. ಅದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ, ಬಿಸಿಲು ಜೋರು ಎಂದೆ.

ಶಾಯಿಯಲ್ಲಿ ಬರೆದದ್ದನ್ನು ನಾನು ತಿದ್ದುವಂತಿಲ್ಲ. ತಪಾಸಣೆ ಅಧಿಕಾರಿ ಬಂದು ಮನೆಮನೆಯನ್ನೂ ಕಣ್ಣಾರೆ ನೋಡಿ ಹೊಸದಾಗಿ ಬರೆಯಬೇಕು. ಅವರನ್ನು ಕಳಿಸಿ ಎಂದು ಕಚೇರಿಗೆ ಕಾಗದ ಬರೆದು ಬಸ್ ರಸ್ತೆಗೆ ನಡೆದು ಹೊರಟವನೊಬ್ಬನ ಕೈಯಲ್ಲಿ ಕೊಟ್ಟೆ.

ಮಾರ್ಚ್ ೯, ಭಾನುವಾರ

ಊರ ಕೊನೆಯ ಖಾಲಿ ಗುಡಿಸಲಿಗೆ ಬಂದುಬಿಟ್ಟೆ. ಅಧಿಕಾರಿಗಳಿಗೆ ಏಕಾಂತ ಅಗತ್ಯ ಎಂದು ದೊಡ್ಡಮ್ಮನಿಗೆ ಕಾರಣ ಕೊಟ್ಟೆ. ಅವಳು ಅತ್ತಳು, ಆಮೇಲೆ ಕುರ್ಚಿ ಕಳಿಸಿದಳು. ಕೋಳಿ ತಾನೇ ಬಂತು.

ಒಂದು ಬಕೆಟ್ ಸ್ನಾನಕ್ಕೆ ಸಾಕಾಗುತ್ತದೆ. ದೇಹ ಅಭ್ಯಾಸಕ್ಕೆ ತಕ್ಕ ಹಾಗೆ, ಅಷ್ಟೆ.

ಮಾರ್ಚ್ ೧೬, ಭಾನುವಾರ

ಕಚೇರಿಯ ಉತ್ತರ ಬಂತು. ತಪಾಸಣೆ ಅಧಿಕಾರಿಯನ್ನು ಕಳಿಸಲಾಗುವುದು, ದಿನಾಂಕ ತಿಳಿಸಲಾಗದು, ಅಲ್ಲಿಯವರೆಗೆ ಸದರಿ ಊರನ್ನು ಬಿಟ್ಟು ಕದಲತಕ್ಕದ್ದಲ್ಲ.

ಮೊಣಕಾಲು ನೋವು. ಕಣಿವೆಗೆ ದಿನಕ್ಕೆ ಮೂರು ಸಲ ಇಳಿದು ಹತ್ತುವುದು ಈ ವಯಸ್ಸಿಗೆ ತಕ್ಕದ್ದಲ್ಲ. ನನ್ನ ನೀರಿಗಾದರೆ ಅರ್ಧ ಸಲ ಸಾಕು. ಉಳಿದದ್ದು ದೊಡ್ಡಮ್ಮನ ಮನೆಗೆ, ಅದು ಹೇಗೂ ದಾರಿಯಲ್ಲೇ ಸಿಗುತ್ತದೆ.

ಮಾರ್ಚ್ ೨೩, ಭಾನುವಾರ

ಅಧಿಕಾರಿ ಬಂದಾಗ ಯಾರೂ ಉಪಚಾರ ಮಾಡಬಾರದೆಂದು ತೀರ್ಮಾನವಾಗಿದೆ. ಆದರೆ ಈ ಜನಕ್ಕೆ ಅದು ಬರುವುದಿಲ್ಲ. ಹಾಗಾಗಿ ಇವತ್ತು ತಾಲೀಮು ಇಟ್ಟುಕೊಂಡೆವು. ನಾನೇ ಅಧಿಕಾರಿ. ಬಾಗಿಲು ತಟ್ಟಿ "ಮನೇಲಿ ಏನೇನಿದೆ?" ಎಂದರೆ, "ಏನೂ ಇಲ್ಲ" ಎಂದು ಸುಮ್ಮನಾಗಬೇಕು. ಇಷ್ಟೇ ಪಾಠ.

ಮೊದಲು ಕ್ಷೌರದವನ ಮನೆ.

"ಮನೇಲಿ ಏನೇನಿದೆ?"

"ಏನೂ ಇಲ್ಲ." ಎರಡು ಕ್ಷಣ ತುಟಿ ಕಚ್ಚಿ ನಿಂತ. "ಆದ್ರೆ ನಿಮ್ಮ ಗಡ್ಡ ಬಹಳ ಬೆಳೆದಿದೆ ಸಾರ್. ಒಳಗೆ ಬಂದ್ರೆ ಚಿಟಿಕೆ ಹೊಡಿಯೋದ್ರಲ್ಲಿ ತೆಗೆದುಬಿಡ್ತೀನಿ."

ಸೂಲಗಿತ್ತಿ "ಏನೂ ಇಲ್ಲ" ಎಂದು ಬಾಗಿಲನ್ನು ಮುಖಕ್ಕೆ ಬಡಿದಳು. ಭೇಷ್ ಎಂದುಕೊಳ್ಳುವಷ್ಟರಲ್ಲಿ ಕಿಟಕಿಯಿಂದ ಕೈ ಚಾಚಿ ನೀರಿನ ಲೋಟ ಹಿಡಿದಳು. "ಬಿಸಿಲಲ್ಲಿ ಬಂದಿದ್ದೀರಿ. ಇದು ಲೆಕ್ಕಕ್ಕೆ ಬರಲ್ಲ ಅಲ್ವಾ?"

ದೊಡ್ಡಮ್ಮನದು ಇನ್ನೂ ಕಷ್ಟ. ನಾಲ್ಕು ಸಲ ಪ್ರಯತ್ನಪಟ್ಟಳು. "ಏನೂ ಇಲ್ಲ" ಎನ್ನುವಷ್ಟರಲ್ಲೇ ಕೈ ತಾನಾಗಿ ನೀರಿನ ಚೊಂಬಿನ ಕಡೆ ಹೋಗುತ್ತದೆ. ಐದನೆಯ ಸಲ ನನಗೇ ರೇಗಿತು.

"ದೊಡ್ಡಮ್ಮ, ಕೈ ಹಿಂದೆ ಕಟ್ಕೊಳ್ಳಿ. ಕೈ ಸುಮ್ನಿದ್ರೆ ಬಾಯೂ ಸುಮ್ನಿರತ್ತೆ."

"ಇದೇನು ಪಾಠ ಕಲಿಸ್ತಿದ್ದೀರಪ್ಪ! ನನ್ನ ಅತ್ತೆ ಇದ್ದಿದ್ರೆ ನನ್ನನ್ನೇ ಮನೆಯಿಂದ ಆಚೆ ಹಾಕ್ತಿದ್ರು."

ಸೊಸೆ ಮಾತ್ರ ಮೊದಲ ಸಲಕ್ಕೇ ಗೆದ್ದಳು. ನೆಟ್ಟಗೆ ನಿಂತು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಏನೂ ಇಲ್ಲ" ಎಂದಳು. ಅಷ್ಟೇ. ನನಗೆ ಮುಂದಿನ ಪ್ರಶ್ನೆ ಮರೆತುಹೋಯಿತು.

ಮಾರ್ಚ್ ೨೯, ಶನಿವಾರ

ಕುರ್ಚಿ, ಗಡಿಯಾರ, ಲೋಟ, ಕೋಳಿ ನಾಲ್ಕನ್ನೂ ನನ್ನ ಗುಡಿಸಲಲ್ಲಿ ಇಟ್ಟು ಬೀಗ ಹಾಕಲು ತೀರ್ಮಾನ. ಬೀಗದ ಕೈ ನನ್ನ ಬಳಿ.

"ನಮ್ಮ ಹತ್ರ ಇದ್ರೆ ತಡಕೊಳ್ಳೋಕಾಗಲ್ಲ," ಎಂದ ಕ್ಷೌರದವನು. "ನೀವಾದ್ರೆ ಗಟ್ಟಿ. ಒಬ್ಬ ಮನುಷ್ಯ ಎದುರಿಗೆ ಒದ್ದಾಡ್ತಿದ್ರೂ ಸುಮ್ನೆ ನಿಂತು ಬರ್ಕೊಳ್ಳೋರು ನೀವೊಬ್ರೇ."

ಇದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ.

ಇವತ್ತು ಸ್ನಾನವಿಲ್ಲ. ನೀರು ಕಡಿಮೆ, ಊರಲ್ಲಿ ಸ್ನಾನ ಸರದಿಯ ಮೇಲೆ. ನಮ್ಮ ಸಾಲಿನವರದು ನಾಳೆ.

ಏಪ್ರಿಲ್ ೧೧, ಶುಕ್ರವಾರ

ತಪಾಸಣೆ ಸಾಹೇಬರು ಬಂದರು. ಮಟಮಟ ಮಧ್ಯಾಹ್ನ, ಒಂಬತ್ತು ಕಿಲೋಮೀಟರ್ ನಡೆದು. ದಪ್ಪ ದೇಹ, ನಿವೃತ್ತಿಗೆ ಎರಡು ತಿಂಗಳಿದೆ, ಎಡಗಾಲಿನ ಬೂಟಿನ ಅಟ್ಟೆ ಕಿತ್ತು ನಾಲಿಗೆಯಂತೆ ಜೋತಾಡುತ್ತಿತ್ತು. ಬಂದವರೇ ಕೂರಲು ಜಾಗ ಹುಡುಕಿದರು. ನೆಲದ ಮೇಲೆ ಕೂತರೆ ಮತ್ತೆ ಏಳಲಾಗುವುದಿಲ್ಲವಂತೆ, ಎರಡೂ ಮೊಣಕಾಲು ಹೋಗಿವೆ.

ನಮ್ಮವರು ಕಲ್ಲಿನ ಹಾಗೆ ನಿಂತರು. ಮೊದಲ ಮನೆ: ಏನೂ ಇಲ್ಲ. ಎರಡನೆಯದು: ಏನೂ ಇಲ್ಲ. ಕ್ಷೌರದವನು ಸಾಹೇಬರ ಗಡ್ಡ ಕಣ್ಣಿಗೆ ಬೀಳದಿರಲೆಂದು ಗೋಡೆ ನೋಡುತ್ತ ಉತ್ತರ ಕೊಟ್ಟ. ಸೂಲಗಿತ್ತಿ ಕಿಟಕಿಗೆ ಮೊದಲೇ ಹಲಗೆ ಹೊಡೆಸಿದ್ದಳು. ಹತ್ತು ಮನೆ, ಇಪ್ಪತ್ತು ಮನೆ. ನಾನು ಹಿಂದೆ ಹಿಂದೆ, ಜೇಬಿನಲ್ಲಿ ಬೀಗದ ಕೈ. ಒಂದೊಂದು ಮನೆ ದಾಟಿದಾಗಲೂ ಇನ್ನಿಷ್ಟೇ, ಇನ್ನಿಷ್ಟೇ ಎಂದುಕೊಂಡೆ.

ಮೂವತ್ತೊಂದನೆಯದು ದೊಡ್ಡಮ್ಮನ ಮನೆ. ಅಷ್ಟು ಹೊತ್ತಿಗೆ ಸಾಹೇಬರ ಮುಖ ಬಿಳಿಚಿಕೊಂಡು ಪೆನ್ನು ಎರಡು ಸಲ ಕೈಜಾರಿತ್ತು.

"ಮನೇಲಿ ಏನೇನಿದೆ ತಾಯಿ?"

ದೊಡ್ಡಮ್ಮ ಕೈ ಹಿಂದೆ ಕಟ್ಟಿಕೊಂಡಳು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. "ಏನೂ ಇಲ್ಲ ಸ್ವಾಮಿ," ಎಂದಳು. ಸುಮ್ಮನಾದಳು. ಗೆದ್ದಳು! ಸೊಸೆ ಒಳಗಿಂದ ನನ್ನನ್ನೇ ನೋಡುತ್ತಿದ್ದಳು.

ಸಾಹೇಬರು ಗೋಡೆಗೆ ಒರಗಿದರು. ಒಂದು ಕೈ ಹಿಂದಕ್ಕೆ ಹೋಗಿ, ಇಲ್ಲದ ಕುರ್ಚಿಯ ಹಿಡಿಕೆಯನ್ನು ಗಾಳಿಯಲ್ಲಿ ತಡಕಾಡಿತು.

ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಓಡಿದ್ದು ನೆನಪಿದೆ, ಬೀಗ ತೆಗೆದದ್ದು ನೆನಪಿದೆ. ತಿರುಗಿ ಬಂದಾಗ ಕುರ್ಚಿ ನನ್ನ ತಲೆಯ ಮೇಲಿತ್ತು, ಕೈಯಲ್ಲಿ ಹೂವಿನ ಲೋಟದ ತುಂಬ ನೀರು, ಹಿಂದೆ ಕೋಳಿ ರೆಕ್ಕೆ ಬಡಿಯುತ್ತ ಓಡಿ ಬರುತ್ತಿತ್ತು. ಊರಿಗೆ ಊರೇ ನನ್ನನ್ನು ಬಾಯಿ ಬಿಟ್ಟು ನೋಡುತ್ತಿತ್ತು. ಕ್ಷೌರದವನು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ.

ಸಾಹೇಬರು ಕುರ್ಚಿಯಲ್ಲಿ ಕುಸಿದು, ನೀರು ಕುಡಿದು, ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಕಣ್ಣು ತೆರೆದವರು ಕುರ್ಚಿಯ ಮುರಿದ ಎಡಗೈ ಸವರಿ, ನನ್ನ ಹಳೆಯ ನಮೂನೆಗಳನ್ನು ಹೊರತೆಗೆದರು. ಇಪ್ಪತ್ತೊಂದು ಕೆಂಪು ಕುರ್ಚಿ.

"ಈ ಕುರ್ಚಿ ಯಾರ್ದು?"

ಯಾರ ಮನೆಯ ಹೆಸರು ಹೇಳಿದರೂ ಆ ಮನೆಯ ನಲ್ಲಿ ಹೋಯಿತು. ಎಲ್ಲರದು ಎಂದರೆ ಎಲ್ಲರ ನಲ್ಲಿಯೂ ಹೋಯಿತು.

"ನಂದು ಸಾರ್," ಎಂದೆ.

"ನಿಮ್ದಾ? ನೀವು ಸಮೀಕ್ಷೆಗೆ ಬಂದವ್ರಲ್ವಾ?"

"ಬಂದವ್ನೇ. ಆ ಕೊನೇ ಗುಡಿಸ್ಲಲ್ಲಿ ಮೂವತ್ತ್ಮೂರು ದಿನದಿಂದ ಇದ್ದೀನಿ."

ಅವರು ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ಓದಿದರು. ಒಂದು ಮನೆಯಲ್ಲಿ ಮೂವತ್ತು ದಿನಕ್ಕೆ ಮೇಲ್ಪಟ್ಟು ವಾಸವಿರುವ ಯಾವುದೇ ವ್ಯಕ್ತಿ ಸದರಿ ಊರಿನ ನಿವಾಸಿ. "ಹಾಗಾದ್ರೆ ನೀವು ಈ ಊರಿನವ್ರೇ ಆದ್ರಿ," ಎಂದರು. ನಮೂನೆಯ ಕಟ್ಟಿನಿಂದ ಹೊಸ ಹಾಳೆ ತೆಗೆದರು. ಮನೆ ಸಂಖ್ಯೆ ಮೂವತ್ತೆರಡು.

ಗುಡಿಸಲಿಗೂ ಬಂದು ಗಡಿಯಾರ ನೋಡಿದರು. ಕೈಗಡಿಯಾರ ನೋಡಿಕೊಂಡು, "ಪರವಾಗಿಲ್ಲ, ಸರಿಯಾಗೇ ಇದೆ," ಎಂದರು. ಆಗ ನಾಲ್ಕು ಇಪ್ಪತ್ತೇ ಆಗಿತ್ತು. ಹನ್ನೊಂದು ಅಂಕ. ಮೂವತ್ತೆರಡು ಮನೆಯಲ್ಲಿ ಅನುಕೂಲಸ್ಥ ಮನೆ ಒಂದು. ಉಳಿದ ಮೂವತ್ತೊಂದಕ್ಕೂ ನಲ್ಲಿ ಮಂಜೂರಿಗೆ ಶಿಫಾರಸು. ಶಾಯಿಯಲ್ಲಿ ಬರೆದು ರುಜು ಹಾಕಿದರು.

ಕ್ಷೌರದವನು ಕುಣಿದ. ಕುಣಿದು ಮುಗಿಸಿ, ಸಾಹೇಬರನ್ನು ಕೂರಿಸಿ ಗಡ್ಡ ತೆಗೆದ.

ಮೇ ೬, ಮಂಗಳವಾರ

ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ನೀರಿಗೆ ಏಳು ಸಲ ಹೋದೆ.

ಮೇ ೨೧, ಬುಧವಾರ

ಕಚೇರಿಯ ಆದೇಶ. ಸದರಿ ನೌಕರರು ಸದರಿ ಊರಿನ ನಿವಾಸಿಯೆಂದು ದಾಖಲೆಯಿಂದ ರುಜುವಾತಾಗಿರುವುದರಿಂದ, ಅವರನ್ನು ಸದರಿ ಊರಿನಲ್ಲೇ ನಲ್ಲಿ ನೀರು ಬಿಡುವ ಕೆಲಸಕ್ಕೆ ನೇಮಿಸಲಾಗಿದೆ. ನಲ್ಲಿ ಇನ್ನೂ ಬಂದಿಲ್ಲ ಎಂದು ಬರೆದೆ. ಬರುವವರೆಗೆ ಪ್ರತಿ ತಿಂಗಳು ವರದಿ ಕಳಿಸಿ ಎಂದರು.

ವಿರೋಧಿಸಿ ಒಂದು ಉದ್ದದ ಕಾಗದ ಬರೆಯಬೇಕು. ಪೇಟೆಯ ಕೋಣೆಯಲ್ಲಿ ಹನ್ನೊಂದು ವರ್ಷ ಇದ್ದೆ. ಪಕ್ಕದ ಕೋಣೆಯವನು ಏನು ಕೆಲಸ ಮಾಡುತ್ತಾನೆಂದು ಈಗಲೂ ಗೊತ್ತಿಲ್ಲ. ನಾಳೆ ಬರೆಯುತ್ತೇನೆ.

ಜುಲೈ ೩೧, ಗುರುವಾರ

ವರದಿ ಕಳಿಸಿದೆ. ಈ ತಿಂಗಳು ಬಿಟ್ಟ ನೀರು: ಇಲ್ಲ. ಸೋರಿಕೆ: ಇಲ್ಲ. ದೂರುಗಳು: ಇಲ್ಲ. ಉತ್ತಮ ನಿರ್ವಹಣೆಗೆ ಕಚೇರಿಯಿಂದ ಮೆಚ್ಚುಗೆ ಪತ್ರ ಬಂದಿದೆ.

ಆ ಉದ್ದದ ಕಾಗದ ಬರೆಯಬೇಕು.

ಜನವರಿ ೨೨, ಗುರುವಾರ

ನಮ್ಮೂರಿಗೆ ನೀರು ಬಂದು ಮೂರು ದಿನವಾಯಿತು. ಮೂವತ್ತೊಂದು ಮನೆಯ ಮುಂದೆ ಮೂವತ್ತೊಂದು ನಲ್ಲಿ. ಕೊಳವೆಯ ಗಾಲಿ ತಿರುಗಿಸಿ ನೀರು ಬಿಟ್ಟವನು ನಾನೇ. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ದೊಡ್ಡಮ್ಮ ನಲ್ಲಿಗೆ ಕೈಮುಗಿದಳು. ಆಮೇಲೆ ತಾಲೀಮಿನ ಅಭ್ಯಾಸದಿಂದ ಅದಕ್ಕೆ "ಏನೂ ಇಲ್ಲ ಸ್ವಾಮಿ" ಎಂದುಬಿಟ್ಟಳು. ಎಲ್ಲರೂ ನಕ್ಕೂ ನಕ್ಕೂ ಸುಸ್ತಾದೆವು.

ನನ್ನ ಮನೆಗೆ ನಲ್ಲಿಯಿಲ್ಲ. ಅನುಕೂಲಸ್ಥ ಮನೆ. ಕಣಿವೆಗೆ ಹೋಗಲು ಇವತ್ತು ಬೆಳಿಗ್ಗೆ ಕೊಡ ತೆಗೆದುಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ಎದುರಿಗೆ ಸೊಸೆ. ಎರಡು ಕೈಯಲ್ಲಿ ಎರಡು ಬಕೆಟ್, ಎರಡರಲ್ಲೂ ಹಬೆಯಾಡುವ ಬಿಸಿನೀರು. ಬೆನ್ನಿಗೆ ಕಟ್ಟಿಕೊಂಡ ಮಗು ಅವಳ ಭುಜದ ಮೇಲಿಂದ ನನ್ನನ್ನು ನೋಡುತ್ತಿತ್ತು.

ಎರಡು ಬಕೆಟ್. ಬೆಳಿಗ್ಗೆ ಆರಕ್ಕೆ. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

"ಇದೆಲ್ಲ ಯಾಕಮ್ಮ? ನಾನೇನು ಇನ್ನೂ ಹೊರಗಿಂದ ಬಂದವ್ನಾ?"

"ಬಂದವ್ರು ಅಂತ ಯಾರಂದ್ರು?" ಎಂದಳು. "ಪಕ್ಕದ ಮನೇಲಿ ನಲ್ಲಿ ಇಲ್ಲ ಅಂದ್ರೆ ಕೊಡ್ಬೇಕಲ್ವಾ? ಬೇಗ ಸ್ನಾನ ಮಾಡಿ, ಆರೋಗತ್ತೆ."

ಮಗುವನ್ನು ಇಳಿಸಿ ಸುಧಾರಿಸಿಕೊಳ್ಳಲಿ ಎಂದು ಕುರ್ಚಿ ಹಾಕಿದೆ. ಅವಳು ನಕ್ಕುಬಿಟ್ಟಳು. "ಅಯ್ಯೋ, ಅದು ಬರೋರಿಗೆ," ಎಂದು ನೆಲದ ಮೇಲೆ ಕೂತಳು.

ನಾನೂ ನೆಲದ ಮೇಲೆ ಕೂತೆ. ಮಗು ಅಂಬೆಗಾಲಿಟ್ಟು ಹೋಗಿ, ಅಷ್ಟರಲ್ಲಿ ಆರಿ ಉಗುರುಬೆಚ್ಚಗಾಗಿದ್ದ ಬಕೆಟ್ಟಿನ ನೀರಿಗೆ ಕೈ ಬಡಿಯಿತು. ಅರ್ಧ ಬಕೆಟ್ ಚೆಲ್ಲಿ ಹೋಯಿತು, ಇಬ್ಬರೂ ತಡೆಯಲಿಲ್ಲ. ಕುರ್ಚಿ ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು ಕೋಳಿ ಅದರ ಮೇಲೆ ಹತ್ತಿ ಕೂತಿತು.